ಮೂಗಿಗಿಂತ ಮೂಗುತಿ ಭಾರ

ಆನ್ ಆರ್ಬರ್, ಮಿಷಿಗನ್
ಮಾರ್ಚ್ ಕೊನೆಯ ವಾರ

ಮುದ್ದಿನ ಪುಟ್ಟೀ,

ನೀನು ಕಳಿಸಿದ ಫೋಟೋಗಳನ್ನು ಒಂದೊಂದಾಗಿ ದೊಡ್ಡದು ಮಾಡಿ ನೋಡಿದೆ. ನಿಮ್ಮ ದೊಡ್ಡಮ್ಮ ಹೆಗಲ ಮೇಲಿಂದ ಬಗ್ಗಿ ನೋಡಿ, “ಇಷ್ಟು ದುಡ್ಡು ಕೊಟ್ಟು ಇಷ್ಟು ತುಕ್ಕು ಕೊಂಡಳಾ?” ಎಂದಳು. ಅವಳ ಮಾತು ಬಿಡು. 1964ರ ಫೇರ್‌ಲೇನ್, ಎರಡೇ ಬಾಗಿಲಿನದು, ಎಪ್ಪತ್ತರ ದಶಕದಲ್ಲಿ ಯಾರೋ ಪ್ರೀತಿಯಿಂದ ಓಡಿಸಿ, ಆಮೇಲೆ ಹುಲ್ಲಿನ ಕೊಟ್ಟಿಗೆಯಲ್ಲಿ ಮರೆತ ಗಾಡಿ. ನನಗಂತೂ ಹೊಟ್ಟೆಕಿಚ್ಚಾಯಿತು. ನಿಮ್ಮಪ್ಪನಿಗೆ ಇನ್ನೂ ಹೇಳಿಲ್ಲ. ಎಂ.ಎಸ್. ಓದಲು ಓಹಿಯೊಗೆ ಹೋದ ಮಗಳು ಕಾಲು ಮೈಲಿಯ ಓಟಕ್ಕೆ ಕಾರು ಕಟ್ಟುತ್ತಿದ್ದಾಳೆ ಎಂದು ಮಂಡ್ಯಕ್ಕೆ ಫೋನು ಮಾಡಿ ಹೇಳುವ ಧೈರ್ಯ ಈ ವಯಸ್ಸಿನಲ್ಲಿ ನನಗಿಲ್ಲ. ಅದು ನಿನ್ನ ಕೆಲಸ.

ಈಗ ನಿನ್ನ ಪಟ್ಟಿಗೆ ಬರುತ್ತೇನೆ. ಬೀಮುಗಳಿಗೆಲ್ಲ ತೂತು ಕೊರೆಯುವುದು, ಬಾಡಿಯನ್ನು ಆಸಿಡ್ ತೊಟ್ಟಿಯಲ್ಲಿ ಮುಳುಗಿಸುವುದು, ಟೈಟಾನಿಯಂ ಬೋಲ್ಟು ಹಾಕುವುದು, ಹಿಂದಿನ ನೆಲವನ್ನೇ ಕತ್ತರಿಸಿ ಅಲ್ಯೂಮಿನಿಯಂ ತಗಡು ಹೊದಿಸುವುದು. ಗುರಿ 3,000 ಪೌಂಡ್. ಸರಿ. ಆದರೆ ಈಗ ಅದು ಎಷ್ಟಿದೆ? ಇಡೀ ಪತ್ರ ಎರಡು ಸಲ ಓದಿದೆ, ಆ ಒಂದು ಅಂಕಿ ಎಲ್ಲೂ ಕಾಣಲಿಲ್ಲ.

ನಮ್ಮಪ್ಪ, ಅಂದರೆ ನಿನ್ನ ತಾತ, ಮಂಡ್ಯದ ಸಕ್ಕರೆ ಕಾರ್ಖಾನೆಗೆ ಕಬ್ಬು ಹೊಡೆಯುತ್ತಿದ್ದ ಕಾಲದಲ್ಲಿ ಗಾಡಿಯನ್ನು ಎರಡು ಸಲ ತೂಗುತ್ತಿದ್ದರು. ಒಳಗೆ ಹೋಗುವಾಗ ಹೇರಿನ ಸಮೇತ ಒಮ್ಮೆ, ಹೊರಗೆ ಬರುವಾಗ ಖಾಲಿ ಗಾಡಿ ಇನ್ನೊಮ್ಮೆ. ನಡುವಿನ ವ್ಯತ್ಯಾಸವೇ ಕಬ್ಬು. ನಾನು ಚಿಕ್ಕವನು, ಖಾಲಿ ಗಾಡಿಯನ್ನು ಯಾಕೆ ತೂಗಬೇಕು, ಕಳೆದ ಸಲದ ಅಂಕಿಯೇ ಸಾಲದೆ ಎಂದು ಕೇಳಿದ್ದೆ. “ಮಳೆಯಲ್ಲಿ ನೆನೆದ ಮರ ಒಣಗಿದ ಮರದಷ್ಟೇ ತೂಗುತ್ತೇನೋ?” ಎಂದರು. ಅದರ ಮೇಲೆ ನಾನು ಡೆಟ್ರಾಯಿಟಿನ ಸುತ್ತ ಮೂವತ್ತು ವರ್ಷ ಕಾರುಗಳ ಕೆಲಸ ಮಾಡಿದೆ. ತೂಕದ ವಿಷಯದಲ್ಲಿ ಅದಕ್ಕಿಂತ ಹೆಚ್ಚಿನದೇನನ್ನೂ ಕಲಿಯಲಿಲ್ಲ.

ಹಾಗಾಗಿ ಮೊದಲು ಹೆದ್ದಾರಿ ಪಕ್ಕದ ಟ್ರಕ್ ಸ್ಟಾಪಿಗೆ ಟ್ರೇಲರಿನಲ್ಲಿ ಒಯ್ದು ತೂಗಿಸು. ಮುಂದಿನ ಚಕ್ರ ಒಂದು ಹಾಸಿನ ಮೇಲೆ, ಹಿಂದಿನ ಚಕ್ರ ಇನ್ನೊಂದರ ಮೇಲೆ ನಿಲ್ಲಬೇಕು. ಲಾರಿಗೆಂದು ಮಾಡಿದ ತಕ್ಕಡಿ, 20 ಪೌಂಡಿನ ಹೆಜ್ಜೆಯಲ್ಲಿ ಮಾತ್ರ ಓದುತ್ತದೆ, ಆದರೂ ಮುಂದೆಷ್ಟು ಹಿಂದೆಷ್ಟು ಎಂಬುದು ಗೊತ್ತಾಗುತ್ತದೆ. ಆಮೇಲೆ ಯಾರ ಬಳಿಯಾದರೂ ನಾಲ್ಕು ಚಕ್ರಕ್ಕೆ ನಾಲ್ಕು ತಕ್ಕಡಿ ಇದ್ದರೆ ಬೇಡಿ ತಾ. ನೀನೇ ಸೀಟಿನಲ್ಲಿ ಕೂತು ತೂಗಿಸು. ಓಡುವ ಗಾಡಿಯಲ್ಲಿ ಚಾಲಕಿಯೂ ಒಂದು ಭಾಗವೇ. ನಿನ್ನ ತೂಕ ಎಷ್ಟೆಂದು ನಾನು ಕೇಳುವುದಿಲ್ಲ, ಪುಸ್ತಕದಲ್ಲಿ ಬರೆದುಕೋ ಸಾಕು.

ಫೋಟೋದಲ್ಲಿ ಕಾಣುವ ಮಟ್ಟಿಗೆ ಹೇಳುವುದಾದರೆ ಅದು ನಿನ್ನನ್ನೂ ಸೇರಿಸಿ 3,500 ಪೌಂಡಿನ ಸುತ್ತ ಇರಬೇಕು. ಹಳೆಯ ಯಜಮಾನ ಮೂಲದ ಸಣ್ಣ ಎಂಜಿನ್ ತೆಗೆದು, ಜಾಗ ಸಾಲದೆ ಶಾಕ್ ಟವರುಗಳನ್ನು ಒತ್ತರಿಸಿ, 390 ಘನ ಅಂಗುಲದ ದಪ್ಪ ಎಂಜಿನ್ ಇಳಿಸಿದ್ದಾನೆ. ಅದು 400 ಕುದುರೆಶಕ್ತಿ ಕೊಡುತ್ತದೆ ಎಂದುಕೊಳ್ಳೋಣ. ನಾವು ಹಳಬರು ಬಳಸುವ ಲೆಕ್ಕ ಒಂದಿದೆ: ತೂಕವನ್ನು ಕುದುರೆಶಕ್ತಿಯಿಂದ ಭಾಗಿಸು, ಬಂದದ್ದರ ಘನಮೂಲ ತೆಗೆ, 5.825ರಿಂದ ಗುಣಿಸು. ಟೈರು ಜಾರದೆ, ಗೇರು ತಪ್ಪದೆ ಓಡಿದರೆ 1,320 ಅಡಿಗೆ ಎಷ್ಟು ಸೆಕೆಂಡು ಬೇಕೆಂಬುದು ಹತ್ತಿರ ಹತ್ತಿರ ಸಿಗುತ್ತದೆ. 3,500ಕ್ಕೆ 12.00. ನೂರು ಪೌಂಡ್ ಇಳಿಸಿದರೆ 11.89. ಅಂದರೆ ನೂರು ಪೌಂಡಿಗೆ ಸೆಕೆಂಡಿನ ಹತ್ತನೇ ಒಂದು ಭಾಗ ಎಂದು ಓಟದ ಸ್ಟ್ರಿಪ್ಪಿನಲ್ಲಿ ಎಲ್ಲರೂ ಹೇಳುವ ಬಾಯಿಲೆಕ್ಕ ಸುಳ್ಳಲ್ಲ. ಅದನ್ನೇ ಎಂಜಿನ್ನಿನಿಂದ ಹಿಂಡಬೇಕೆಂದರೆ ಹನ್ನೆರಡು ಕುದುರೆ ಹೆಚ್ಚು ಕಟ್ಟಬೇಕು. ಕುದುರೆ ತಿನ್ನುತ್ತದೆ. ಇಳಿಸಿದ ತೂಕ ಏನನ್ನೂ ಕೇಳುವುದಿಲ್ಲ.

ತೂತು ಕೊರೆಯುವ ಆಸೆ ನಿನಗೆ ಎಲ್ಲಿಂದ ಬಂತೆಂದು ಬಲ್ಲೆ. 1963ರ ಪಾಂಟಿಯಾಕ್ ಕ್ಯಾಟಲೀನಾದ ಚಿತ್ರ ನೋಡಿರುತ್ತೀಯ, ‘ಸ್ವಿಸ್ ಚೀಸ್’ ಎಂಬ ಅಡ್ಡಹೆಸರಿನದು. ಡ್ರ್ಯಾಗ್ ಓಟಕ್ಕೆಂದೇ 14 ಕಾರು ಮಾಡಿದರು. 421 ಘನ ಅಂಗುಲದ ಎಂಜಿನ್, ಮುಂಭಾಗದ ತಗಡೆಲ್ಲ ಅಲ್ಯೂಮಿನಿಯಂ, ಅಷ್ಟಾದರೂ ಸಾಲದೆ ಚಾಸಿಯ ಉದ್ದಕ್ಕೂ ದೊಡ್ಡ ದೊಡ್ಡ ತೂತು. ನೋಡಲು ನಮ್ಮ ಜಾಲರಿ ಕಿಟಕಿಯ ಹಾಗೆ. ಅದೇ ವರ್ಷದ ಜನವರಿಯಲ್ಲಿ ಜನರಲ್ ಮೋಟಾರ್ಸ್ ತನ್ನ ಕಂಪನಿಗಳೆಲ್ಲ ರೇಸಿನಿಂದ ಹೊರಬರಬೇಕೆಂದು ಅಪ್ಪಣೆ ಹೊರಡಿಸಿತು, ಹದಿನಾಲ್ಕೇ ಉಳಿದವು. ಅದಕ್ಕೇ ಅವುಗಳಿಗೆ ಇಂದು ಪುರಾಣದ ಪದವಿ. ಆದರೆ ಆ ಕಾರಿಗೆ ಪ್ರತ್ಯೇಕ ಚಾಸಿ ಇತ್ತು, ದಪ್ಪ ಉಕ್ಕು ಇತ್ತು, ತೂತಿನ ಗಾತ್ರವೂ ದೊಡ್ಡದು. ಹಾಗಿದ್ದೂ ಚಾಸಿ ಬಾಗುತ್ತದೆ, ಬಿರುಕು ಬಿಡುತ್ತದೆ ಎಂದು ಅವನ್ನು ಓಡಿಸಿದವರೇ ಗೊಣಗುತ್ತಿದ್ದರು.

ನಿನ್ನ ಫೇರ್‌ಲೇನಿಗೆ ಬೇರೆ ಚಾಸಿಯೇ ಇಲ್ಲ. ನೆಲ, ಗೋಡೆ, ಮಾಡು ಸೇರಿದ ತಗಡಿನ ಪೆಟ್ಟಿಗೆಯೇ ಅದರ ಬೆನ್ನೆಲುಬು. ಈಗ ಪೆನ್ನು ತಗೋ. ನೆಲದ ತಗಡು ಸುಮಾರು 1.2 ಮಿಲಿಮೀಟರ್ ದಪ್ಪ. ಒಂದು ಅಂಗುಲದ ತೂತಿನಿಂದ ಹೊರಬೀಳುವ ಬಿಲ್ಲೆಯ ತೂಕ 5 ಗ್ರಾಂ ಕೂಡ ಆಗದು. ನೂರು ತೂತು ಕೊರೆದರೆ ಅರ್ಧ ಕಿಲೋಗೂ ಕಡಿಮೆ. ಒಂದು ಪೂರ್ತಿ ಭಾನುವಾರ, ಮೂರು ಡ್ರಿಲ್ ಬಿಟ್ಟು, ಕಿವಿ ತುಂಬ ಕಿರುಚಾಟ, ಕೊನೆಗೆ ಕೈಗೆ ಬರುವುದು ಒಂದು ಲೋಟ ನೀರಿನ ಎರಡರಷ್ಟು ತೂಕ. ಬೆಟ್ಟ ಅಗೆದು ಇಲಿ ಹಿಡಿದ ಹಾಗೆ. ಇಲಿಯಾದರೂ ಸಿಕ್ಕಿತಲ್ಲ ಎನ್ನಬೇಡ, ತೂತಿನ ಅಂಚಿನಲ್ಲಿ ಒತ್ತಡ ಮೂರು ಪಟ್ಟಾಗುತ್ತದೆ. ಬಿರುಕು ಹುಟ್ಟುವುದು ಅಲ್ಲೇ. ತೂತು ಕೊರೆಯಲೇಬೇಕೆಂಬ ಚಪಲವಿದ್ದರೆ ಭಾರ ಹೊರದ ಬ್ರಾಕೆಟ್ಟಿಗೆ ಕೊರೆ, ತಗಡಿನ ನಡುಭಾಗದಲ್ಲಿ ಕೊರೆ, ಮಡಿಚಿದ ಅಂಚನ್ನು ಮುಟ್ಟಬೇಡ, ಆಮೇಲೆ ತೂತಿನ ಸುತ್ತ ಅಂಚು ಬಗ್ಗಿಸು. ವಿಮಾನದವರು ಹಾಗೆ ಮಾಡುತ್ತಾರೆ, ಬಗ್ಗಿದ ಅಂಚು ತಗಡಿಗೆ ಬಿಗುವು ಕೊಡುತ್ತದೆ. ಚಂದವೂ ಹೌದು.

ನೀನು ಓದಬೇಕಾದ ಪಾಠ ಪಾಂಟಿಯಾಕಿನದಲ್ಲ, ನಿನ್ನ ಕಾರಿನ ಸ್ವಂತ ಅಣ್ಣನದು. 1964ರಲ್ಲಿ ಫೋರ್ಡ್ ಕಂಪನಿ ಇದೇ ಫೇರ್‌ಲೇನ್ ತೆಗೆದುಕೊಂಡು ಥಂಡರ್‌ಬೋಲ್ಟ್ ಎಂಬ ನೂರು ಕಾರು ಮಾಡಿಸಿತು. ಡಿಯರ್‌ಬಾರ್ನ್ ಸ್ಟೀಲ್ ಟ್ಯೂಬಿಂಗ್ ಎಂಬ ಕಾರ್ಖಾನೆಯಲ್ಲಿ ಕೆಲಸ ನಡೆಯಿತು. ಮೊದಲ ಹನ್ನೊಂದು ಕಾರಿಗೆ ಕಡುಗೆಂಪು ಬಣ್ಣ, ಉಳಿದದ್ದಕ್ಕೆಲ್ಲ ಬಿಳಿ. ದೊಡ್ಡ ಮೈಯ ಗ್ಯಾಲಕ್ಸಿ ಕಾರಿಗೆಂದು ಇದ್ದ 427 ಎಂಜಿನ್ನನ್ನು ಈ ಚಿಕ್ಕ ಮೈಯೊಳಗೆ ತುರುಕಿದರು. ಆಮೇಲೆ ಅವರು ತೆಗೆದದ್ದನ್ನು ನೋಡು: ರೇಡಿಯೊ, ಹೀಟರ್, ಬಿಸಿಲುಮರೆ, ಕೈ ಊರುವ ದಿಂಬು, ಸ್ಟೆಪ್ನಿ, ಜಾಕ್, ಪಕ್ಕದವನ ಕಡೆಯ ವೈಪರ್, ಹಿಂದಿನ ಕಿಟಕಿ ಇಳಿಸುವ ಯಂತ್ರ. ಕಾರ್ಪೆಟ್ಟಿನ ಬದಲು ರಬ್ಬರ್ ಹಾಸು. ಬಾನೆಟ್ಟು, ಮುಂದಿನ ಮಡ್‌ಗಾರ್ಡು ಫೈಬರ್‌ಗ್ಲಾಸಿನವು. ಪಕ್ಕದ ಕಿಟಕಿ ಗಾಜಿನ ಬದಲು ಪ್ಲೆಕ್ಸಿಗ್ಲಾಸ್. ಬಂಪರನ್ನೂ ಮೊದಲು ಫೈಬರ್‌ಗ್ಲಾಸಿನಲ್ಲೇ ಮಾಡಿದ್ದರು, ಸ್ಪರ್ಧೆ ನಡೆಸುವವರು ಒಪ್ಪದೆ ಅಲ್ಯೂಮಿನಿಯಂಗೆ ಬದಲಾಯಿತು. ಒಳಗಿನ ಎರಡು ಹೆಡ್‌ಲೈಟ್ ಕಿತ್ತು ಅಲ್ಲಿಂದ ಕಾರ್ಬುರೇಟರಿಗೆ ತಣ್ಣನೆ ಗಾಳಿಯ ಕೊಳವೆ ಎಳೆದರು. ಆ ವರ್ಷ ಸೂಪರ್ ಸ್ಟಾಕ್ ಪಟ್ಟ ಗ್ಯಾಸ್ ರೊಂಡಾ ಎಂಬಾತ ಗೆದ್ದದ್ದು ಇಂಥದೇ ಕಾರಿನಲ್ಲಿ.

ಈ ಪಟ್ಟಿಯಲ್ಲಿ ಹೆಚ್ಚಿನವೆಲ್ಲ ಸ್ಪ್ಯಾನರಿನಿಂದ ಬಿಚ್ಚಿ ಸ್ಪ್ಯಾನರಿನಿಂದ ಮತ್ತೆ ಕೂರಿಸಬಹುದಾದವು. ಗರಗಸದ ಕೆಲಸ ಕಡಿಮೆ. ನಿನಗೂ ನಾನು ಹೇಳುವುದು ಇಷ್ಟೇ, ಇಡೀ ಪತ್ರದಲ್ಲಿ ಇದೊಂದು ಮಾತು ಉಳಿದರೆ ಸಾಕು: ಬಿಚ್ಚು, ಕತ್ತರಿಸಬೇಡ. ನಾಳೆ ನಿನಗೇ ಮನಸ್ಸು ಬದಲಾದೀತು, ಅಥವಾ ಇಪ್ಪತ್ತು ವರ್ಷದ ಮೇಲೆ ಬೇರೊಬ್ಬಳಿಗೆ ಈ ಕಾರು ಹೋದೀತು. ಅವಳಿಗೆ ನೆಲ ಇರಲಿ.

ಥಂಡರ್‌ಬೋಲ್ಟಿನಲ್ಲಿ ಒಂದು ವಿಚಿತ್ರ ಇದೆ. ಗ್ರಾಂ ಗ್ರಾಂ ಉಳಿಸಿದ ಅದೇ ಜನ, ಮಾಮೂಲಿ ಬ್ಯಾಟರಿಯ ಬದಲು ಲಾರಿಗೆ ಹಾಕುವಂಥ ದೊಡ್ಡ ಬ್ಯಾಟರಿಯನ್ನು ಡಿಕ್ಕಿಯಲ್ಲಿ ಇಟ್ಟರು. ಹಿಂದೆ, ಬಲಗಡೆ. ಯಾಕೆ ಗೊತ್ತೇ? ಎಂಜಿನ್ನಿನ ತಿರುಚು ಪ್ರೊಪೆಲ್ಲರ್ ಶಾಫ್ಟಿನ ಮೂಲಕ ಹಿಂದಿನ ಆಕ್ಸಲ್ಲಿಗೆ ಬರುವಾಗ ಆ ಆಕ್ಸಲ್ಲು ಬಲಗಡೆಯ ಚಕ್ರವನ್ನು ನೆಲದಿಂದ ಎತ್ತಲು ನೋಡುತ್ತದೆ. ಎದ್ದ ಚಕ್ರ ಸುಮ್ಮನೆ ಹೊಗೆ ಬಿಡುತ್ತದೆ. ಅದರ ನೆತ್ತಿಯ ಮೇಲೆ ಭಾರ ಹೇರಿ ಕೂರಿಸಿದರು. ತೂಕ ಎಷ್ಟು ಎಂಬುದಕ್ಕಿಂತ ತೂಕ ಎಲ್ಲಿ ಎಂಬುದು ದೊಡ್ಡ ಪ್ರಶ್ನೆ ಎಂದು ಅವರಿಗೆ ಗೊತ್ತಿತ್ತು.

ನಿನ್ನ ತಾತನಿಗೂ ಗೊತ್ತಿತ್ತು. ಕಬ್ಬು ಹೇರುವಾಗ ಮುಂದೆ ಹೆಚ್ಚಾದರೆ ನೊಗ ಎತ್ತುಗಳ ಹೆಗಲು ಕೊರೆಯುತ್ತದೆ, ಹಿಂದೆ ಹೆಚ್ಚಾದರೆ ಮೂಕಿ ಮೇಲೆದ್ದು ಎತ್ತುಗಳ ಕೊರಳು ಬಿಗಿಯುತ್ತದೆ. ಹೇರಿ ಮುಗಿದ ಮೇಲೆ ಅವರು ಎತ್ತು ಕಟ್ಟುವ ಮೊದಲು ಮೂಕಿಯನ್ನು ಒಂದು ಕೈಯಲ್ಲಿ ಎತ್ತಿ ಇಳಿಸಿ ನೋಡುತ್ತಿದ್ದರು. ಹೂವಿನ ಹಾಗೆ ಏಳಬೇಕು, ಆದರೆ ತಾನಾಗಿ ಏಳಬಾರದು. ನಿನ್ನ ಕಾರಿಗೆ ಬೇಕಾದದ್ದೂ ಅದೇ ಹದ. ಹಸಿರು ದೀಪ ಬಿದ್ದ ಕ್ಷಣ ಮೂಕಿ ಏಳಬೇಕು, ಭಾರ ಹಿಂದಿನ ಟೈರಿಗೆ ಸರಿಯಬೇಕು. ಕಾರಿನ ಗುರುತ್ವ ಕೇಂದ್ರ ನೆಲದಿಂದ 20 ಅಂಗುಲ ಮೇಲಿದೆ ಎಂದುಕೋ, ಎರಡು ಆಕ್ಸಲ್ಲುಗಳ ನಡುವೆ 115.5 ಅಂಗುಲ, ಹೊರಡುವಾಗಿನ ವೇಗವರ್ಧನೆ ಗುರುತ್ವದ ಹತ್ತರಲ್ಲಿ ಎಂಟು ಪಾಲು. ಆಗ ಸುಮಾರು 480 ಪೌಂಡ್ ಮುಂದಿನಿಂದ ಹಿಂದಕ್ಕೆ ಹೋಗುತ್ತದೆ. 1959ರಲ್ಲಿ ಕ್ರೈಸ್ಲರ್ ಕಂಪನಿಯ ಎಂಜಿನಿಯರುಗಳ ಗುಂಪೊಂದು, ರಾಮ್‌ಚಾರ್ಜರ್ಸ್ ಎಂದು ತಮ್ಮನ್ನು ಕರೆದುಕೊಂಡವರು, 1949ರ ಒಂದು ಪ್ಲಿಮತ್ ಕಾರನ್ನು ಇದಕ್ಕಾಗಿಯೇ ಕೊಕ್ಕರೆಯ ಹಾಗೆ ಎತ್ತರಕ್ಕೆ ನಿಲ್ಲಿಸಿದ್ದರು. ‘ಹೈ ಅಂಡ್ ಮೈಟಿ’ ಎಂದು ಅದರ ಹೆಸರು. ಅಷ್ಟು ವಿಕಾರವಾದ ಕಾರನ್ನು ಅಷ್ಟು ಬುದ್ಧಿವಂತರು ಕಟ್ಟಿದ್ದು ಇನ್ನೊಂದಿಲ್ಲ.

ಇದರಿಂದ ನಿನ್ನ ಕೆಲಸದ ಕ್ರಮ ತಾನಾಗಿ ಬರುತ್ತದೆ. ಮೂಗಿನಿಂದ ಶುರು ಮಾಡು. ನಿನ್ನ ಕಾರಿಗೆ ಮೂಗಿಗಿಂತ ಮೂಗುತಿ ಭಾರ. ಆ 390 ಎಂಜಿನ್ನಿನ ನೆತ್ತಿಯ ಮೇಲೆ ಕೂತಿರುವ ಎರಕದ ಕಬ್ಬಿಣದ ಇನ್‌ಟೇಕ್ ಮ್ಯಾನಿಫೋಲ್ಡ್ ಒಂದೇ 80 ಪೌಂಡಿನ ಹತ್ತಿರ ತೂಗುತ್ತದೆ, ಆ ಎಂಜಿನ್ ವಂಶದ್ದು ಅಗಲವಾಗಿ ಹರಡಿ ವಾಲ್ವ್ ಮುಚ್ಚಳದ ಕೆಳಗೂ ಹೋಗುತ್ತದೆ. ತೆಗೆಯುವಾಗ ಒಬ್ಬಳೇ ಬಗ್ಗಿ ಎತ್ತಬೇಡ, ಸೊಂಟ ಹಿಡಿದರೆ ಸ್ಟ್ರಿಪ್ಪೂ ಇಲ್ಲ, ಪರೀಕ್ಷೆಯೂ ಇಲ್ಲ. ಅಲ್ಯೂಮಿನಿಯಂನದು ಹಾಕಿದರೆ ಅರ್ಧಕ್ಕೂ ಹೆಚ್ಚು ಇಳಿಯುತ್ತದೆ. ಕಬ್ಬಿಣದ ಎಕ್ಸಾಸ್ಟ್ ಮ್ಯಾನಿಫೋಲ್ಡಿನ ಬದಲು ಕೊಳವೆಯ ಹೆಡರ್. ಮುಂದಿನ ಬಂಪರಿನ ಹಿಂದೆ ಕೈ ಹಾಕಿ ನೋಡು, ಹೊರಗಿನ ಕ್ರೋಮಿಗಿಂತ ಒಳಗಿನ ಬ್ರಾಕೆಟ್ಟೇ ದಪ್ಪ. ಮುಂದಿನ ಚಕ್ರಗಳು ಸಣ್ಣಗಾಗಲಿ. ತಿರುಗುವ ವಸ್ತು ಎರಡು ಸಲ ಲೆಕ್ಕಕ್ಕೆ ಬರುತ್ತದೆ, ಅದನ್ನು ಮುಂದಕ್ಕೂ ತಳ್ಳಬೇಕು, ಸುತ್ತಲೂ ಸುತ್ತಿಸಬೇಕು. ಟೈರಿನ ಹೊರ ಅಂಚಿನ ಒಂದು ಪೌಂಡ್ ಸೀಟಿನ ಕೆಳಗಿನ ಎರಡು ಪೌಂಡಿಗೆ ಸಮ ಎಂದು ಹೆಚ್ಚುಕಡಿಮೆ ಹೇಳಬಹುದು.

ಬ್ಯಾಟರಿ ಹಿಂದಕ್ಕೆ. 40 ಪೌಂಡಿನ ಬ್ಯಾಟರಿ ಮುಂದಿನ ಆಕ್ಸಲ್ಲಿನ ಮೇಲಿದ್ದದ್ದು ಹಿಂದಿನ ಆಕ್ಸಲ್ಲಿಗಿಂತ 30 ಅಂಗುಲ ಹಿಂದಕ್ಕೆ ಹೋದರೆ ಮುಂದಿನ ಚಕ್ರಗಳಿಗೆ ಕಡಿಮೆಯಾಗುವುದು 40 ಅಲ್ಲ, 50. ನಮ್ಮೂರಿನ ಬಾವಿಯ ಏತ ನೆನಪಿಸಿಕೋ, ಹಿಂದೆ ಕಟ್ಟಿದ ಕಲ್ಲು ಮುಂದಿನ ಬಾನಿಯನ್ನು ಎತ್ತುತ್ತದೆ. ಕಾರಿನ ಒಟ್ಟು ತೂಕ ಒಂದು ಗುಲಗಂಜಿಯಷ್ಟೂ ಇಳಿಯಲಿಲ್ಲ, ಆದರೂ ಗಾಡಿ ಬೇರೆಯಾಯಿತು. ಹಾಗೆ ಇಟ್ಟಾಗ ಹಿಂಭಾಗದಲ್ಲಿ, ಹೊರಗಿನಿಂದ ಕೈಗೆ ಸಿಗುವಂತೆ, ವಿದ್ಯುತ್ತೆಲ್ಲ ಕಡಿಯುವ ಸ್ವಿಚ್ಚು ಇರಲೇಬೇಕು. ಎನ್‌ಎಚ್‌ಆರ್‌ಎ ಎಂಬ ಡ್ರ್ಯಾಗ್ ಓಟದ ಸಂಸ್ಥೆಯ ನಿಯಮ ಅದು, ನಿಯಮ ಇಲ್ಲದಿದ್ದರೂ ಇರಬೇಕು. ಪೆಟ್ರೋಲಿನ ವಿಷಯವೂ ಹೀಗೇ. ಗ್ಯಾಲನ್ನಿಗೆ ಸುಮಾರು 6 ಪೌಂಡ್. 16 ಗ್ಯಾಲನ್ ತುಂಬಿಸಿ ಓಡುವವರನ್ನು ನೋಡಿ ನಗುತ್ತಾರೆ. ಆದರೆ ಆ ಟ್ಯಾಂಕು ಹಿಂದಿನ ಆಕ್ಸಲ್ಲಿನ ಬೆನ್ನಿಗಿದೆ, ರಸ್ತೆ ಜಾರುವ ದಿನ ತುಂಬಿದ ಟ್ಯಾಂಕೇ ಗೆಲ್ಲಿಸಬಹುದು. ಪ್ರತಿ ಸಲ ಎಷ್ಟಿತ್ತೆಂದು ಬರೆದಿಡು, ನಗುವವರು ನಗಲಿ.

ಒಳಗಿನದನ್ನು ಬೇಗ ಹೇಳಿ ಮುಗಿಸುತ್ತೇನೆ. ಹಿಂದಿನ ಸೀಟು, ಹೀಟರ್, ಸ್ಟೆಪ್ನಿ, ಜಾಕ್ ಹೊರಗೆ. ನೆಲಕ್ಕೆ ಅಂಟಿಸಿದ ಡಾಂಬರಿನಂಥ ಸದ್ದುನಿರೋಧಕ ಹಾಳೆಗಳಿವೆಯಲ್ಲ, ಅವುಗಳ ಮೇಲೆ ಡ್ರೈ ಐಸ್ ಚೂರು ಹರಡು. ಮೈನಸ್ 78 ಡಿಗ್ರಿಯ ಚಳಿಗೆ ಡಾಂಬರು ಗಾಜಿನ ಹಾಗೆ ಪೆಡಸಾಗುತ್ತದೆ, ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದರೆ ಹಪ್ಪಳದಂತೆ ಏಳುತ್ತದೆ. ಗ್ಯಾರೇಜಿನ ಬಾಗಿಲು ಪೂರ್ತಿ ತೆರೆದಿರಲಿ, ಅದು ಆವಿಯಾದರೆ ಉಸಿರುಕಟ್ಟಿಸುವ ಅನಿಲ, ಕಣ್ಣಿಗೆ ಕಾಣದೆ ನೆಲಮಟ್ಟದಲ್ಲಿ ಕೂರುತ್ತದೆ. ಕೈಗವಸು ಹಾಕು. ಪಕ್ಕದ ಕಿಟಕಿಗೆ ಪಾಲಿಕಾರ್ಬನೇಟ್ ಹಾಕು, ಗಾಜಿನ ಅರ್ಧ ತೂಕ. ಹಳಬರು ಹಾಕುತ್ತಿದ್ದ ಪ್ಲೆಕ್ಸಿಗ್ಲಾಸ್ ಒಡೆದರೆ ಚೂರಿಯಾಗುತ್ತದೆ. ಎದುರಿನ ಗಾಜು ಗಾಜಾಗಿಯೇ ಇರಲಿ. 1968ರ ಹೆಮಿ ಡಾರ್ಟ್ ಕಾರುಗಳಲ್ಲಿ ಕಿಟಕಿ ಏರಿಸುವ ಯಂತ್ರವನ್ನೇ ತೆಗೆದು, ಸೀಟ್ ಬೆಲ್ಟಿನಂಥ ಪಟ್ಟಿ ಕಟ್ಟಿ ಕೈಯಲ್ಲಿ ಎಳೆಯುವಂತೆ ಮಾಡಿದ್ದರು, ನಮ್ಮ ಹಳೆಯ ಬಸ್ಸುಗಳ ಪರದೆಯ ಹಾಗೆ. ಆ ಉಪಾಯ ನನಗೆ ಬಹಳ ಇಷ್ಟ, ಬೇಕಾದರೆ ಕದಿ.

ಟೈಟಾನಿಯಂ ಬೋಲ್ಟು? ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ. ಆ ದುಡ್ಡಿನಲ್ಲಿ ಮ್ಯಾನಿಫೋಲ್ಡು ಬರುತ್ತದೆ.

ಆಸಿಡ್ ತೊಟ್ಟಿ ಮಾತ್ರ ಬೇಡವೇ ಬೇಡ. 1965ರಲ್ಲಿ ಡಾಜ್, ಪ್ಲಿಮತ್ ಕಂಪನಿಗಳು ಬಾಡಿಗಳನ್ನು ಆಸಿಡ್ಡಿನಲ್ಲಿ ಅದ್ದಿ ತೆಳ್ಳಗೆ ಮಾಡಿ, ಹಿಂದಿನ ಆಕ್ಸಲ್ಲನ್ನು 15 ಅಂಗುಲ, ಮುಂದಿನದನ್ನು 10 ಅಂಗುಲ ಮುಂದಕ್ಕೆ ಸರಿಸಿದ್ದು ನಿಜ. ನೋಡಲು ಎಷ್ಟು ವಿಚಿತ್ರವಾಗಿದ್ದವೆಂದರೆ ‘ಫನ್ನಿ ಕಾರ್’ ಎಂಬ ಹೆಸರು ಹುಟ್ಟಿದ್ದೇ ಅಲ್ಲಿಂದ. ಆದರೆ ಅವು ಹೊಸ ತಗಡು, ಒಂದು ಸೀಸನ್ ಬಾಳಿದರೆ ಸಾಕಿತ್ತು, ದುಡ್ಡು ಕಂಪನಿಯದು. ನಿನ್ನದು ಅರವತ್ತು ವರ್ಷದ ತಗಡು. ಬೆಸುಗೆಯ ಮಡಿಕೆಗಳೊಳಗೆ ನುಸುಳಿದ ಆಸಿಡ್ಡನ್ನು ಯಾವ ದೇವರೂ ಪೂರ್ತಿ ತೊಳೆಯಲಾರ. ಬಣ್ಣ ಹೊಡೆದ ಆರು ತಿಂಗಳಿಗೆ ಆ ಸಂದುಗಳಿಂದ ಕಂದು ಕಣ್ಣೀರು ಇಳಿಯುವುದನ್ನು ನಾನು ನೋಡಿದ್ದೇನೆ.

ಉಪದೇಶ ಮಾಡುತ್ತಾ ಕೂತವನ ಪೆದ್ದತನವನ್ನೂ ಕೇಳಿಬಿಡು. ಎಂಬತ್ತರ ದಶಕದ ಕೊನೆಯಲ್ಲಿ ನನ್ನ ಬಳಿ ಒಂದು ಹಳೆಯ ನೋವಾ ಇತ್ತು, ಅದು ನಿನಗೆ ಗೊತ್ತಿಲ್ಲದ ದೊಡ್ಡಪ್ಪ. ಅದಕ್ಕೆ ಫೈಬರ್‌ಗ್ಲಾಸ್ ಬಾನೆಟ್ ತಂದೆ. ಕೀಲು ತೆಗೆದು ನಾಲ್ಕು ಮೂಲೆಗೆ ನಾಲ್ಕು ಪಿನ್ನು ಹಾಕಬೇಕು. ನಾನು ಮಹಾ ಮೇಧಾವಿ, ಮುಂದಿನ ಎರಡೇ ಸಾಕು, ಹಿಂದಿನ ಎರಡು ಪಿನ್ನಿನ ತೂಕ ಯಾಕೆ ಹೊರಬೇಕು ಎಂದೆ. ಗಾಳಿ ಮುಂದಿನಿಂದ ತಾನೇ ಬರುವುದು! ಎದುರಿನ ಗಾಜಿನ ಬುಡದಲ್ಲಿ ಗಾಳಿ ಗುಡ್ಡೆಕಟ್ಟಿ ಒತ್ತಡ ಏರುತ್ತದೆ ಎಂಬುದನ್ನು ನಾನೇ ಹಗಲಿನಲ್ಲಿ ಆಫೀಸಿನಲ್ಲಿ ಕಾಗದದ ಮೇಲೆ ಬರೆಯುತ್ತಿದ್ದವನು. ಕೊನೆಯ ಮುನ್ನೂರು ಅಡಿ ಇರುವಾಗ ಬಾನೆಟ್ಟಿನ ಹಿಂದಿನ ಅಂಚು ಎದ್ದಿತು. ಮರುಕ್ಷಣ ಬಿಳಿಯದೊಂದು ದೊಡ್ಡ ಹಕ್ಕಿ ಗಾಜಿಗೆ ಬಡಿದು ಮಾಡಿನ ಮೇಲಿಂದ ಹಾರಿಹೋಯಿತು. ಗಾಜು ಪೂರ್ತಿ ಜೇಡರ ಬಲೆ. ಏನೂ ಕಾಣದೆ, ಸ್ಟಿಯರಿಂಗ್ ನೇರ ಹಿಡಿದು, ಕಿಟಕಿಯಿಂದ ತಲೆ ಹಾಕಿ ನಿಲ್ಲಿಸಿದೆ. ಗಾಜು ಗಾಜಾಗಿದ್ದದ್ದರಿಂದ ಇವತ್ತು ನಿನಗೆ ಪತ್ರ ಬರೆಯುತ್ತಿದ್ದೇನೆ. ನಾನು ಉಳಿಸಿದ್ದು ಹತ್ತು ಔನ್ಸೂ ಇರಲಿಲ್ಲ. ನಿಮ್ಮ ದೊಡ್ಡಮ್ಮನಿಗೆ ಕಲ್ಲು ಬಡಿದು ಗಾಜು ಒಡೆಯಿತು ಎಂದಿದ್ದೆ. ಇವತ್ತಿಗೂ ಹಾಗೇ ತಿಳಿದಿದ್ದಾಳೆ, ನೀನು ಬಾಯಿಬಿಡಬೇಡ.

ಆದ್ದರಿಂದ ಕೆಲವನ್ನು ಕೈಮುಗಿದು ಬಿಟ್ಟುಬಿಡು: ಬ್ರೇಕು, ಸ್ಟಿಯರಿಂಗು, ಬೆಲ್ಟು ಬಿಗಿಯುವ ಜಾಗ, ನಿನ್ನ ಕಾಲಿಗೂ ಎಂಜಿನ್ನಿಗೂ ನಡುವಿನ ಗೋಡೆ. ಎರಕದ ಕಬ್ಬಿಣದ ಫ್ಲೈವೀಲನ್ನು ಲೇತಿಗೆ ಕೊಟ್ಟು ತೆಳ್ಳಗೆ ಮಾಡಿಸುತ್ತೇನೆ ಎಂದು ಯಾರಾದರೂ ಹೇಳಿದರೆ ಅವರ ಸ್ನೇಹ ಬಿಡು. ಆರು ಸಾವಿರ ಸುತ್ತಿನಲ್ಲಿ ಅದು ಸಿಡಿದರೆ ಬಾಂಬು. ಗೇರಿನ ಸುತ್ತಲಿನ ಉಕ್ಕಿನ ಕವಚ ಭಾರವೆಂದು ಗೊಣಗಿದ್ದೀಯಲ್ಲ, 1970ರ ಮಾರ್ಚಿನಲ್ಲಿ ಕ್ಯಾಲಿಫೋರ್ನಿಯದ ಲಯನ್ಸ್ ಸ್ಟ್ರಿಪ್ಪಿನಲ್ಲಿ ಡಾನ್ ಗಾರ್ಲಿಟ್ಸ್ ಅವರ ಡ್ರ್ಯಾಗ್‌ಸ್ಟರಿನ ಟ್ರಾನ್ಸ್‌ಮಿಷನ್ ಸ್ಫೋಟಿಸಿ ಬಲಪಾದದ ಒಂದು ಭಾಗವೇ ಹೋಯಿತು. ಆಸ್ಪತ್ರೆಯ ಹಾಸಿಗೆಯಲ್ಲೇ ಅವರು ಎಂಜಿನ್ನು ಬೆನ್ನ ಹಿಂದೆ ಇರುವ ಕಾರಿನ ಯೋಚನೆಗೆ ತೊಡಗಿದರು. ಅವರಂಥ ಗಾರುಡಿಗರಿಗೇ ಹಾಗಾಯಿತು. ಆ ಕವಚದ ತೂಕವನ್ನು ತೂಕ ಎಂದು ಬರೆಯಬೇಡ, ಪಾದ ಎಂದು ಬರೆ.

ಇನ್ನು ನಿನ್ನ 3,000ದ ಗುರಿ. ಲೆಕ್ಕ ಹಾಕಿ ನೋಡಿದೆ, ಅಷ್ಟಕ್ಕೆ ಇಳಿದರೆ 11.40 ಸೆಕೆಂಡು ಬರುತ್ತದೆ. ಇಂಥ ಹಳೆಯ ಕಾರು 11.49 ಅಥವಾ ಅದಕ್ಕಿಂತ ಬೇಗ ಓಡಿದರೆ ಒಳಗೆ ರೋಲ್ ಬಾರ್ ಕಡ್ಡಾಯ. ಒಂದೂಮುಕ್ಕಾಲು ಅಂಗುಲದ ಮಾಮೂಲಿ ಉಕ್ಕಿನ ಕೊಳವೆ ಅಡಿಗೆ 2 ಪೌಂಡ್, ಕ್ರೋಮೋಲಿಯಾದರೆ ಒಂದೂವರೆ. ಹತ್ತಾರು ಅಡಿ ಬೇಕು. ಇಷ್ಟು ಕಷ್ಟಪಟ್ಟು ಇಳಿಸಿದ್ದರಲ್ಲಿ ಒಂದಷ್ಟು ವಾಪಸ್ ಹೇರಬೇಕಾಗುತ್ತದೆ! ಹೇರು. 11.60 ಓಡಿದರೂ ಹೇರು ಎಂದೇ ನಾನು ಹೇಳುತ್ತೇನೆ, ನಿಮ್ಮಪ್ಪನಿಗೆ ಫೋನು ಮಾಡುವಾಗ ನಿನಗೂ ಒಂದು ಒಳ್ಳೆಯ ಮಾತು ಬೇಕಲ್ಲ. ಮುಂದೆ ಯಾವುದಾದರೂ ತರಗತಿಯಲ್ಲಿ ಕನಿಷ್ಠ ತೂಕದ ನಿಯಮವಿದ್ದು ನೀನು ಅದಕ್ಕಿಂತ ಹಗುರವಾದರೆ, ಕೊರತೆಯ ಸೀಸವನ್ನು ಹಿಂದೆ ಬಲಗಡೆ ಬೋಲ್ಟ್ ಹಾಕಿ ಬಿಗಿ. ಮುಂದಿನಿಂದ ಇಳಿಸಿದ್ದನ್ನು ಹಿಂದೆ ಹೇರುವ ಸುಖ ಅನುಭವಿಸಿದವರಿಗೇ ಗೊತ್ತು. ಮರಳುಮೂಟೆ ಮಾತ್ರ ಬೇಡ, ತಪಾಸಣೆಯವರು ಮನೆಗೆ ಕಳಿಸುತ್ತಾರೆ.

ಕತ್ತರಿಸದೆ, ಅದ್ದದೆ, ಕೊರೆಯದೆ 300 ಪೌಂಡ್ ಇಳಿಯುತ್ತದೆ ಎಂದು ನನ್ನ ಅಂದಾಜು. ಸುಳ್ಳಾದರೆ ಬಂದು ಬೈದು ಹೋಗು.

ಹನ್ನೊಂದನೆಯ ಫೋಟೋದಲ್ಲಿ ಡಿಕ್ಕಿ ಮುಚ್ಚಳದ ಒಳಮೈಯಲ್ಲಿ ಹಳದಿ ಸೀಮೆಸುಣ್ಣದಂಥದರಲ್ಲಿ ಏನೋ ಅಂಕಿಗಳಿವೆ. ದೊಡ್ಡದು ಮಾಡಿ ನೋಡಿದೆ: 13.21, 13.08, 13.11, ಆಮೇಲೆ ಒಂದು 12.97, ಅದರ ಸುತ್ತ ವೃತ್ತ. ಹಳೆಯ ಯಜಮಾನನೂ ಇಳಿಸುತ್ತಾ ಹೋಗಿದ್ದಾನೆ ನೋಡು. ಆ ಮುಚ್ಚಳಕ್ಕೆ ಫೈಬರ್‌ಗ್ಲಾಸ್ ಬದಲಿ ತರುವ ಯೋಚನೆ ಇದ್ದರೆ ತಾ, ಆದರೆ ಹಳೆಯದನ್ನು ಒರೆಸದೆ, ತೊಳೆಯದೆ ಬಟ್ಟೆ ಸುತ್ತಿ ಮೇಲೆ ಇಡು. ಬಿಚ್ಚಿದ ಪ್ರತಿಯೊಂದಕ್ಕೂ ಒಂದು ಚೀಟಿ ಕಟ್ಟು: ಹೆಸರು, ತೂಕ, ಎಲ್ಲಿಂದ ಬಂತು, ಯಾವ ಬೋಲ್ಟು.

ಚೀಟಿಗೆ ತೂಕ ಬರೆಯಲು ನಿನ್ನ ಬಚ್ಚಲುಮನೆಯ ತಕ್ಕಡಿ ಸಾಲದು. ನಿನ್ನೆ ಒಂದು ಪಾರ್ಸೆಲ್ ಕಳಿಸಿದ್ದೇನೆ. ಮೇಲೆ ದೊಡ್ಡಮ್ಮನ ಚಕ್ಕುಲಿ, ಕೆಳಗೆ ಗೋಣಿಪಟ್ಟೆಯಲ್ಲಿ ಸುತ್ತಿದ್ದು ನಿನ್ನ ತಾತನ ಸ್ಪ್ರಿಂಗ್ ತಕ್ಕಡಿ, ಆಲೆಮನೆಯಲ್ಲಿ ಬೆಲ್ಲ ತೂಗುತ್ತಿದ್ದದ್ದು. ಗ್ಯಾರೇಜಿನ ತೊಲೆಗೆ ನೇತುಹಾಕು. 50 ಕಿಲೋವರೆಗೆ ತೂಗುತ್ತದೆ, ಮುಳ್ಳು ಕಾಲು ಕಿಲೋ ಹೆಚ್ಚು ತೋರಿಸುತ್ತದೆ. ಅಷ್ಟನ್ನು ಕಳೆದು ಬರೆ.

ನಿನ್ನ
ದೊಡ್ಡಪ್ಪ